ನಿಮ್ಮ ಹೆಸರಿನ ಉತಾರ ಯಾರ ಹೆಸರಲ್ಲಿದೆ?

ಜಾಂಬೋಟಿಯಿಂದ ಫೋನ್ ಬಂದಾಗ ನಾನು ರಾತ್ರಿ ಒಂಬತ್ತರ ಬುಲೆಟಿನ್‌ಗೆ ಕೂರುವ ಗಡಿಬಿಡಿಯಲ್ಲಿದ್ದೆ. ಮೇಕಪ್ ಅರ್ಧ ಆಗಿತ್ತು. ಫೋನ್ ಮಾಡಿದವನು ನನ್ನ ಸೋದರಮಾವನ ಮಗ. ಖಾನಾಪುರ ತಾಲೂಕಿನ ಜಾಂಬೋಟಿ ಹತ್ತಿರ ನಾಲ್ಕು ಕೋಣೆಯ ಒಂದು ಹೋಮ್‌ಸ್ಟೇ ನಡೆಸ್ತಾನೆ. ಮಳೆಗಾಲ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಗೋವಾ ಕಡೆಯಿಂದ ಜನ ಬರ್ತಾರೆ. ಅವನ ಹೊಟ್ಟೆಪಾಡು ಆ ಮೂರು ತಿಂಗಳದ್ದು.

"ಅಣ್ಣಾ, ನಮ್ಮ ವೆಬ್‌ಸೈಟ್ ಯಾರೋ ಕಸ್ಕೊಂಡಾರ. ತೆಗದ್ರ ರಮ್ಮಿ ಆಟದ ಜಾಹೀರಾತು ಬರಾಕತ್ತೈತಿ!"

"ಉತಾರ ಯಾರ ಹೆಸರಿಲೆ ಐತಿ?" ಅಂದೆ.

"ಯಾವ ಉತಾರ? ಹೊಲದ್ದ?"

"ಹೊಲದ್ದಲ್ಲೋ. ವೆಬ್‌ಸೈಟಿನ ಹೆಸರಿಂದು."

ಆ ಕಡೆ ಮಾತೇ ಇಲ್ಲ. ಆಮೇಲೆ ನಿಧಾನಕ್ಕೆ ಕಥೆ ಹೊರಗೆ ಬಂತು. ಆರು ವರ್ಷದ ಹಿಂದೆ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಈ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಹೆಸರನ್ನು ನೋಂದಾಯಿಸಿದ್ದೂ ಅವನೇ, ತನ್ನ ಹೆಸರಲ್ಲಿ, ತನ್ನ ಕಾಲೇಜಿನ ಇಮೇಲ್ ಕೊಟ್ಟು. ಕಾಲೇಜು ಮುಗಿಯಿತು, ಇಮೇಲ್ ಬಂದ್ ಆಯ್ತು, ಹುಡುಗ ಪುಣೆಗೆ ಹೋದ. "ನಿಮ್ಮ ಅವಧಿ ಮುಗಿಯುತ್ತಿದೆ, ಹಣ ಕಟ್ಟಿ" ಎಂಬ ಪತ್ರಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದವು. ಹುಡುಗನ ತಪ್ಪು ಅಂತ ನಾನು ಹೇಳಲ್ಲ. ನನ್ನ ತಮ್ಮನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

"ನಾವು ರೊಕ್ಕಾ ಕೊಟ್ಟು ಖರೀದಿ ಮಾಡೀವಲ್ಲ?" ಎಂಬುದೊಂದೇ ಅವನ ಪ್ರಶ್ನೆ.

ದಕ್ಷಿಣದ ವೀಕ್ಷಕರಿಗೆ ಒಂದು ಮಾತು. ನೀವು ಪಹಣಿ ಅಂತೀರಲ್ಲ, ಅದಕ್ಕೆ ನಮ್ಮ ಬೆಳಗಾವಿ ಕಡೆ ಉತಾರ ಅಂತಾರೆ. ಈ ಜಿಲ್ಲೆಯ ರೈತ ಹೊಲಕ್ಕೆ ದುಡ್ಡು ಕೊಟ್ಟರೆ ಸಾಲದು, ಉತಾರದಲ್ಲಿ ಹೆಸರು ಏರಬೇಕು ಅನ್ನೋದನ್ನು ಅಜ್ಜನ ಕಾಲದಿಂದ ಬಲ್ಲ. ಅದೇ ರೈತನ ಮಗ ಇಂಟರ್‌ನೆಟ್ಟಿನಲ್ಲಿ ಹೆಸರು ತಗೊಳ್ಳುವಾಗ ಮಾತ್ರ ಅದನ್ನು ಮರೀತಾನೆ. ಯಾಕೆ? ಆ ದಾಖಲೆ ಪುಸ್ತಕ ಎಲ್ಲಿದೆ, ಅದನ್ನು ಬರೆಯೋರು ಯಾರು ಅಂತ ಅವನಿಗೆ ಯಾರೂ ಹೇಳಿಲ್ಲ. ಇವತ್ತು ಆ ಪುಸ್ತಕದ ಕಥೆ ಹೇಳ್ತೀನಿ.

ಕಥೆ ಶುರುವಾಗೋದು ಅದೇ ಖಾನಾಪುರ ತಾಲೂಕಿನಲ್ಲಿ. ಹಲಸಿ ಅಂತ ಒಂದು ಹಳ್ಳಿ. ಭೂವರಾಹ ನರಸಿಂಹ ದೇವಸ್ಥಾನ ನೋಡೋಕೆ ಹೋದವರಿಗೆ ಗೊತ್ತಿರುತ್ತೆ. ಹಳೆಯ ಹೆಸರು ಪಲಾಶಿಕ, ಬನವಾಸಿ ಕದಂಬರ ಎರಡನೇ ರಾಜಧಾನಿ. 19ನೇ ಶತಮಾನದಲ್ಲಿ ಇಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು, ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದರು. ಅವುಗಳಲ್ಲಿ ಒಂದು 5ನೇ ಶತಮಾನದ್ದು, ಕಾಕುಸ್ಥವರ್ಮನದ್ದು. ರಾಜನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲವನ್ನು ಕೊಟ್ಟ ದಾಖಲೆ. ಕೊಟ್ಟವನು ಯಾರು, ಪಡೆದವನು ಯಾರು, ಯಾವ ಊರಿನ ಯಾವ ಹೊಲ, ಎಲ್ಲಾ ಬರೆದಿದೆ. ಇಂಥ ದಾನಶಾಸನಗಳ ಕೊನೆಗೆ ಶಾಪ ಇದ್ದೇ ಇರುತ್ತೆ. ಈ ಭೂಮಿಯನ್ನು ಕಸಿದುಕೊಂಡವನಿಗೆ ಮಹಾಪಾಪ ಸುತ್ತಿಕೊಳ್ಳಲಿ ಅಂತ. ಹಳೇ ಕಾಲದ ಸೆಕ್ಯುರಿಟಿ ಲಾಕ್ ಅಂತ ಬೇಕಾದ್ರೆ ಅನ್ನಿ.

ಬೆಳಗಾವಿಯದ್ದೂ ಅಂಥದ್ದೇ ಕಥೆ. ಕೋಟೆಯೊಳಗಿನ ಕಮಲ ಬಸದಿಯ ಕಾಲದ್ದು, 1204ರ ಸುಮಾರಿನ ಎರಡು ಶಾಸನ ಕಲ್ಲುಗಳಿವೆ. ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಕಾಲದವು. ವೇಣುಗ್ರಾಮ ಅಂದರೆ ಇದೇ ಬೆಳಗಾವಿಯ ಬಸದಿಗೆ ಯಾರು ಯಾರು ಏನೇನು ಕೊಟ್ಟರು ಅನ್ನೋ ಪಟ್ಟಿ. ಆ ಕಲ್ಲುಗಳು ಈಗ ಎಲ್ಲಿವೆ ಗೊತ್ತಾ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಊರು ನಮ್ಮದು, ದಾಖಲೆ ಇರೋದು ಬೇರೆಯವರ ಮನೆಯಲ್ಲಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಈಗ ಅಮೆರಿಕಕ್ಕೆ ಹೋಗೋಣ. 1970ರ ದಶಕ. ಇಂಟರ್‌ನೆಟ್ಟಿನ ಅಜ್ಜ ಅನ್ನಬಹುದಾದ ಅರ್ಪಾನೆಟ್‌ನಲ್ಲಿ ಕೆಲವು ನೂರು ಕಂಪ್ಯೂಟರ್‌ಗಳು. ಕಂಪ್ಯೂಟರ್‌ಗೆ ಅರ್ಥ ಆಗೋದು ಅಂಕಿ, ಮನುಷ್ಯನಿಗೆ ನೆನಪಿರೋದು ಹೆಸರು. ಯಾವ ಹೆಸರಿಗೆ ಯಾವ ಅಂಕಿ ಅಂತ ಒಂದೇ ಒಂದು ಪಟ್ಟಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ. ಹೊಸ ಕಂಪ್ಯೂಟರ್ ಸೇರಿಸಬೇಕಾ? ಕಚೇರಿ ಸಮಯದಲ್ಲಿ ಅವರನ್ನು ಕೇಳಬೇಕು, ಅವರು ಪಟ್ಟಿಗೆ ಒಂದು ಸಾಲು ಸೇರಿಸ್ತಾರೆ. ಥೇಟ್ ನಮ್ಮ ಗ್ರಾಮಲೆಕ್ಕಿಗರ ಕಚೇರಿ! ಕಂಪ್ಯೂಟರ್‌ಗಳು ಹೆಚ್ಚಾದಂತೆ ಒಂದೇ ಪಟ್ಟಿ ಸಾಕಾಗಲಿಲ್ಲ. 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಅವರು ಪಟ್ಟಿಯನ್ನು ಹಂಚುವ ವ್ಯವಸ್ಥೆ ರೂಪಿಸಿದರು. ಅದೇ ಇವತ್ತಿನ ಡೊಮೇನ್ ನೇಮ್ ಸಿಸ್ಟಮ್. ತಾಲೂಕಿಗೊಬ್ಬ ತಹಶೀಲ್ದಾರ ಇದ್ದ ಹಾಗೆ ಪ್ರತಿ ಬಾಲಕ್ಕೂ, ಅಂದರೆ ಡಾಟ್ ಕಾಮ್, ಡಾಟ್ ಇನ್ ಇತ್ಯಾದಿಗೆ, ಬೇರೆ ಬೇರೆ ದಾಖಲೆ ಕಚೇರಿ.

1985ರ ಮಾರ್ಚ್ 15ರಂದು ಮೊದಲ ಡಾಟ್ ಕಾಮ್ ಹೆಸರು ದಾಖಲಾಯಿತು. ಸಿಂಬಾಲಿಕ್ಸ್ ಡಾಟ್ ಕಾಮ್, ಒಂದು ಕಂಪ್ಯೂಟರ್ ಕಂಪನಿಯದ್ದು. ಆ ಇಡೀ ವರ್ಷ ಎಷ್ಟು ಹೆಸರು ದಾಖಲಾದವು ಗೊತ್ತಾ? ಆರು. ದುಡ್ಡು ಎಷ್ಟು? ಸೊನ್ನೆ. ಹತ್ತು ವರ್ಷ ಹೀಗೇ ಪುಕ್ಕಟೆ ನಡೀತು. 1995ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಶುಲ್ಕ ಹಾಕಿದರು, ಎರಡು ವರ್ಷಕ್ಕೆ 100 ಡಾಲರ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ವರ್ಷಕ್ಕೆ ಶುಲ್ಕ ಅಂದರೆ ಏನರ್ಥ? ಮಾರಾಟ ಅಲ್ಲ, ಲಾವಣಿ. ಹೊಲವನ್ನು ಲಾವಣಿಗೆ ಹಿಡಿದ ಹಾಗೆ. ಕಂತು ಕಟ್ಟುವವರೆಗೆ ನಿಮ್ಮದು, ಕಟ್ಟೋದು ಬಿಟ್ಟ ದಿನದಿಂದ ಬಿಡುಗಡೆಯ ಲೆಕ್ಕ ಶುರು. "ಡೊಮೇನ್ ಖರೀದಿಸಿದೆ" ಅಂತ ಜಗತ್ತೆಲ್ಲ ಹೇಳುತ್ತೆ, ನಾವೂ ಟಿವಿಯಲ್ಲಿ ಹಾಗೇ ಹೇಳ್ತೀವಿ. ಆದರೆ ಖರೀದಿ ಅನ್ನೋದೇ ಇಲ್ಲಿ ಇಲ್ಲ. ಡಾಟ್ ಕಾಮ್ ಆದರೆ ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷ. ಈ ವ್ಯವಹಾರದಲ್ಲಿ ಮೂರು ಜನ ಇರ್ತಾರೆ. ಬಾಲದ ಇಡೀ ದಾಖಲೆ ಇಟ್ಟುಕೊಂಡವನು ರಿಜಿಸ್ಟ್ರಿ. ಅವನ ಪರವಾಗಿ ಅಂಗಡಿ ಇಟ್ಟು ನಿಮ್ಮಿಂದ ದುಡ್ಡು ತಗೊಳ್ಳುವವನು ರಿಜಿಸ್ಟ್ರಾರ್. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನು ರಿಜಿಸ್ಟ್ರಂಟ್, ಅಂದರೆ ಉತಾರದಾರ. ವೆಬ್‌ಸೈಟ್ ಕಟ್ಟಿಕೊಟ್ಟ ಹುಡುಗ ಮನೆ ಕಟ್ಟಿದ ಗೌಂಡಿ ಇದ್ದ ಹಾಗೆ. ಗೌಂಡಿ ಹೆಸರಿಗೆ ಯಾರಾದರೂ ಜಾಗದ ಉತಾರ ಮಾಡಿಸ್ತಾರಾ?

ಶುಲ್ಕ ಇಲ್ಲದ ಕಾಲದಲ್ಲೇ ಕೆಲವರಿಗೆ ವಾಸನೆ ಹತ್ತಿತ್ತು. 1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಅಮೆರಿಕದ ಪತ್ರಕರ್ತ, ನಮ್ಮ ವೃತ್ತಿಯವನೇ, ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ಹೆಸರನ್ನು ತಾನೇ ನೋಂದಾಯಿಸಿಕೊಂಡ. ಕಂಪನಿಗೆ ಫೋನ್ ಮಾಡಿದರೆ ಅವರಿಗೆ ಇದರ ಗಂಭೀರತೆಯೇ ಗೊತ್ತಿರಲಿಲ್ಲ. ಕೊನೆಗೆ ಬ್ರೂಕ್ಲಿನ್ನಿನ ಒಂದು ಶಾಲೆಗೆ ಇಂಟರ್‌ನೆಟ್ ಹಾಕಿಸಲು ಕಂಪನಿ 3,500 ಡಾಲರ್ ಕೊಟ್ಟಿತು, ಇವನು ಹೆಸರು ಬಿಟ್ಟುಕೊಟ್ಟ.

ಮೂವತ್ತು ವರ್ಷದ ನಂತರ ನಮ್ಮಲ್ಲೂ ಅಂಥದ್ದೇ ಆಯ್ತು, ನೀವೇ ನೋಡಿದ್ದೀರಿ. ಅಕ್ಟೋಬರ್ 2024ರಲ್ಲಿ ಎಲ್ಲಾ ಚಾನೆಲ್‌ಗಳಲ್ಲೂ ಓಡಿದ ಸುದ್ದಿ. ಸಾವನ್ ಎಂಬ ಹಾಡಿನ ಆ್ಯಪ್ ಜಿಯೋ ಜೊತೆ ಸೇರಿ ಜಿಯೋಸಾವನ್ ಆಗಿದ್ದನ್ನು ನೋಡಿದ್ದ ದಿಲ್ಲಿಯ ಒಬ್ಬ ಆ್ಯಪ್ ಡೆವಲಪರ್, ಹಾಟ್‌ಸ್ಟಾರ್ ಕೂಡ ಒಂದು ದಿನ ಜಿಯೋ ಜೊತೆ ಸೇರಬಹುದು ಅಂತ ಲೆಕ್ಕ ಹಾಕಿ 2023ರಲ್ಲೇ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಹಿಡಿದಿಟ್ಟ. ವಿಲೀನದ ಸುದ್ದಿ ಬಂದಾಗ ಕೇಂಬ್ರಿಜ್‌ನಲ್ಲಿ ಓದಲು ಖರ್ಚು ಕೊಡಿ ಎಂದು ಕೇಳಿದ. 93,345 ಪೌಂಡ್, ಸುಮಾರು ಒಂದು ಕೋಟಿ ರೂಪಾಯಿ. ಕಂಪನಿ ಕೊಡಲಿಲ್ಲ, ಕಾನೂನಿನ ಮಾತು ಬಂತು. ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯಿತು, ಅವರು ಪುಕ್ಕಟೆ ಕೊಡ್ತೀವಿ ಅಂದರು. ನಾವು ಆಂಕರ್‌ಗಳು ಅದನ್ನು "ಹುಡುಗನ ಜಾಣತನ" ಅಂತ ಕುಣಿದಾಡಿ ತೋರಿಸಿದೆವು. ನಾನೂ ತೋರಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಾನೂನು ಅವನ ಬೆನ್ನಿಗೆ ಇತ್ತಾ ಅನ್ನೋ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ. ಆ ಪ್ರಶ್ನೆಗೆ ಉತ್ತರ ಇಪ್ಪತ್ತು ವರ್ಷದ ಹಿಂದೆಯೇ ಬಂದಿತ್ತು, ಅದೂ ನಮ್ಮ ಬೆಂಗಳೂರಿನಿಂದ ಹೊರಟ ಒಂದು ಕೇಸಿನಲ್ಲಿ.

ಮೊದಲು ಆ ಕಾಲದ ಬಿಸಿ ಹೇಳ್ತೀನಿ. 1999ರ ನವೆಂಬರ್. ಸತ್ಯಂ ಇನ್ಫೋವೇ ಕಂಪನಿ ಇಂಡಿಯಾವರ್ಲ್ಡ್ ಎಂಬ ಮುಂಬೈನ ಕಂಪನಿಯನ್ನು ಕೊಳ್ಳುವ ಘೋಷಣೆ ಮಾಡಿತು. ಬೆಲೆ 499 ಕೋಟಿ ರೂಪಾಯಿ! ಇಂಡಿಯಾವರ್ಲ್ಡ್ ಬಳಿ ಇದ್ದ ತಾಣಗಳ ಹೆಸರು ಕೇಳಿ: ಸಮಾಚಾರ್, ಖೇಲ್, ಖೋಜ್, ಬಾವರ್ಚಿ. ಎಲ್ಲಾ ನಮ್ಮ ಜನ ದಿನಾ ಆಡುವ ಮಾತುಗಳು, ಕೊನೆಗೆ ಡಾಟ್ ಕಾಮ್ ಅಷ್ಟೇ. ಅವತ್ತಿನಿಂದ ದೇಶದಲ್ಲಿ ಹೆಸರಿನ ಹುಚ್ಚು ಹತ್ತಿತು. ಅದೇ ವರ್ಷ ಅಮೆರಿಕದಲ್ಲಿ ಬಿಸಿನೆಸ್ ಡಾಟ್ ಕಾಮ್ ಎಂಬ ಒಂದೇ ಹೆಸರು 75 ಲಕ್ಷ ಡಾಲರ್‌ಗೆ ಮಾರಾಟವಾಗಿತ್ತು. ಇವತ್ತು ಯೂಟ್ಯೂಬ್‌ನಲ್ಲಿ "ಡೊಮೇನ್ ಕೊಳ್ಳಿ, ಕೋಟ್ಯಧಿಪತಿ ಆಗಿ" ಅಂತ ಹೇಳೋರು ಇನ್ನೂ ತೋರಿಸೋದು ಆ 1999ನ್ನೇ.

ಅದೇ ಸತ್ಯಂ ಇನ್ಫೋವೇ ತನ್ನ ಹೆಸರನ್ನು ಮೊಟಕು ಮಾಡಿ ಸಿಫಿ ಅಂತ ಮಾಡಿಕೊಂಡಿತ್ತು, 1999ರ ಜೂನ್‌ನಲ್ಲೇ ಸಿಫಿನೆಟ್ ಡಾಟ್ ಕಾಮ್ ಮುಂತಾದ ಹೆಸರು ನೋಂದಾಯಿಸಿತ್ತು. ಆಮೇಲೆ ಇನ್ನೊಂದು ಕಂಪನಿ ಬಂತು, ಸಿಫಿನೆಟ್ ಸೊಲ್ಯೂಷನ್ಸ್. ಅವರ ತಾಣದ ಹೆಸರಿನಲ್ಲಿ ಇಂಗ್ಲಿಷಿನ ಒಂದು ಎಫ್ ಅಕ್ಷರ ಜಾಸ್ತಿ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ. ಎದುರಾಳಿ ಹೇಳಿದ್ದು, ಇದು ನಮ್ಮ ಐವರು ಪಾಲುದಾರರ ಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿಕೊಂಡ ಹೆಸರು ಅಂತ. ಕೆಳ ಕೋರ್ಟ್ ಸತ್ಯಂ ಪರ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2004ರ ಮೇ 6ರಂದು ತೀರ್ಪು. ಡೊಮೇನ್ ಹೆಸರು ಬರೀ ವಿಳಾಸ ಅಲ್ಲ, ಅದು ವ್ಯಾಪಾರದ ಗುರುತು ಕೂಡ, ಇದಕ್ಕೆ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಇದಕ್ಕೂ ಉಂಟು ಅಂತ ಕೋರ್ಟ್ ಹೇಳಿತು. ಐವರ ಹೆಸರಿನ ಕಥೆಯನ್ನು ಕೋರ್ಟ್ ನಂಬಲಿಲ್ಲ. ಒಂದು ಎಫ್ ಜಾಸ್ತಿ ಇದ್ದದ್ದೂ ಕಾಪಾಡಲಿಲ್ಲ.

ಹೊಸದಾಗಿ ಈ ವ್ಯಾಪಾರಕ್ಕೆ ಇಳಿಯಬೇಕು ಅಂದುಕೊಂಡ ಹುಡುಗರು ಬೇರೇನೂ ಓದದಿದ್ದರೂ ಆ ತೀರ್ಪನ್ನು ಓದಬೇಕು. ಕಂಪನಿಯ ಹೆಸರನ್ನು ಹಿಡಿದಿಟ್ಟು ಕಂಪನಿಗೇ ಮಾರುವ ಆಟ ಈ ದೇಶದಲ್ಲಿ ಅವತ್ತೇ ಮುಗಿದಿದೆ. ಡಾಟ್ ಕಾಮ್‌ಗೆ 1999ರಿಂದ ಅಂತಾರಾಷ್ಟ್ರೀಯ ವ್ಯಾಜ್ಯ ನಿಯಮ ಇದೆ, ಡಾಟ್ ಇನ್‌ಗೆ ಅದರದ್ದೇ ಆದ ನಿಯಮ ಇದೆ. ಕೆಟ್ಟ ಉದ್ದೇಶದಿಂದ ಹಿಡಿದದ್ದು ಅಂತ ಸಾಬೀತಾದರೆ ಹೆಸರೂ ಹೋಗುತ್ತೆ, ಕಟ್ಟಿದ ದುಡ್ಡೂ ಹೋಗುತ್ತೆ. ಬೆಳಗಾವಿಯವರಿಗೆ ಇದು ಹೊಸದಾಗಬಾರದು. 1888ರಲ್ಲಿ ಈ ಊರಿನಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಕಿರ್ಲೋಸ್ಕರ್ ಎಂಬ ಹೆಸರಿಗಾಗಿ 1990ರ ದಶಕದಲ್ಲಿ ಬಾಂಬೆ ಹೈಕೋರ್ಟಿನಲ್ಲಿ ದೊಡ್ಡ ವ್ಯಾಜ್ಯವೇ ನಡೆದಿತ್ತು. ಅದೂ ಹೆಸರಿನ ಒಡೆತನದ್ದೇ.

ಇನ್ನು ನಮ್ಮ ದೇಶದ ಬಾಲ, ಡಾಟ್ ಇನ್. ಅದು ಹುಟ್ಟಿದ್ದು 1989ರಲ್ಲಿ. ಆದರೆ ಕಟ್ಟುನಿಟ್ಟು ಎಷ್ಟಿತ್ತು ಅಂದರೆ 2004ರವರೆಗೆ ನೋಂದಣಿಯಾದದ್ದು ಸುಮಾರು 7,000 ಹೆಸರು ಮಾತ್ರ. ಇಷ್ಟು ದೊಡ್ಡ ದೇಶಕ್ಕೆ ಏಳು ಸಾವಿರ! ಲೈಸೆನ್ಸ್ ರಾಜ್ ಇಂಟರ್‌ನೆಟ್‌ಗೂ ಬಂದಿತ್ತು ಅನ್ನಿ. ಆಮೇಲೆ ದಾಖಲೆಯನ್ನು ನಿಕ್ಸಿ ಎಂಬ ಸಂಸ್ಥೆಗೆ ಕೊಟ್ಟರು. 2005ರ ಜನವರಿ 1ರಿಂದ ಟ್ರೇಡ್‌ಮಾರ್ಕ್ ಇದ್ದವರಿಗೆ ಮೊದಲ ಅವಕಾಶ, ಫೆಬ್ರವರಿ 16ರಿಂದ ಎಲ್ಲರಿಗೂ ಬಾಗಿಲು ತೆರೆಯಿತು.

ಈಗ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2005ರ ಫೆಬ್ರವರಿಯಲ್ಲಿ ಡಾಟ್ ಇನ್ ಎಲ್ಲರ ಕೈಗೆ ಬಂತು. ಅದೇ ವರ್ಷದ ಕೊನೆಗೆ ಯು. ಆರ್. ಅನಂತಮೂರ್ತಿಯವರ ಸಲಹೆಯಂತೆ ಊರುಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತರುವ ಮಾತನ್ನು ಸರ್ಕಾರ ಒಪ್ಪಿತು. ಜಾರಿಗೆ ಬಂದದ್ದು 2014ರ ನವೆಂಬರ್ 1ಕ್ಕೆ. 12 ಊರುಗಳು, ಅದರಲ್ಲಿ ಬೆಳಗಾವಿಯೂ ಒಂದು. ಅನಂತಮೂರ್ತಿಯವರು ಅದನ್ನು ನೋಡಲಿಲ್ಲ, ಎರಡು ತಿಂಗಳ ಮೊದಲು ಆಗಸ್ಟ್‌ನಲ್ಲಿ ತೀರಿಕೊಂಡರು. ಅಂದರೆ ಒಂದು ದೊಡ್ಡ ಊರಿನ ಇಂಗ್ಲಿಷ್ ಹೆಸರು ಬದಲಾಗುತ್ತೆ ಅನ್ನೋದು ಪೇಪರ್ ಓದುವ ಪ್ರತಿಯೊಬ್ಬರಿಗೂ ಸುಮಾರು ಒಂಬತ್ತು ವರ್ಷ ಮೊದಲೇ ಗೊತ್ತಿತ್ತು. ಕೆಲವು ನೂರು ರೂಪಾಯಿ ಸಾಕಿತ್ತು. ಆದರೆ ಆ ಒಂಬತ್ತು ವರ್ಷ ನಾವು ಟಿವಿಯಲ್ಲಿ ಚರ್ಚೆ ಮಾಡಿದ್ದು ಬಸ್ಸಿನ ಬೋರ್ಡಿನ ಬಗ್ಗೆ, ರೈಲ್ವೆ ಸ್ಟೇಷನ್ ಫಲಕದ ಬಗ್ಗೆ.

ಈ ಊರಿಗೆ ಹೆಸರು ಬದಲಾಯಿಸೋದು ಹೊಸತೇನಲ್ಲ ಬಿಡಿ. ವೇಣುಗ್ರಾಮ ಇತ್ತು, ಮೊಘಲರ ಕಾಲದಲ್ಲಿ ಅಜಂನಗರ ಅನ್ನೋ ಹೆಸರೂ ಬಂದಿತ್ತು, ಇಂಗ್ಲಿಷರು ಬೆಲ್ಗಾಮ್ ಅಂದರು, ಮರಾಠಿಯವರಿಗೆ ಬೆಳಗಾಂವ್. ಗೋಡೆಯ ಮೇಲಿನ ಒಂದೊಂದು ಅಕ್ಷರಕ್ಕೂ ಇಲ್ಲಿ ಗಲಾಟೆ ನಡೆದಿದೆ, ತಲೆ ಒಡೆದಿವೆ, ಕರ್ಫ್ಯೂ ಬಿದ್ದಿದೆ. ಆದರೆ ದಾಖಲೆಗಳ ಹಠವೇ ಬೇರೆ. ಇವತ್ತಿಗೂ ರೈಲ್ವೆಯ ಸಂಕೇತ ಬಿಜಿಎಂ, ಹಳೇ ಬೆಲ್ಗಾಮಿನದ್ದು. ಸಾಂಬ್ರಾ ವಿಮಾನ ನಿಲ್ದಾಣದ್ದು ಐಎಕ್ಸ್‌ಜಿ, ಅದು ಯಾವ ಭಾಷೆಗೂ ಸೇರಿದ್ದಲ್ಲ, ಹಾಗಾಗಿ ಗಲಾಟೆಯೂ ಇಲ್ಲ!

ಖಡೇಬಜಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿಯ ಅಂಗಡಿಯವರಿಗೆ, ಉದ್ಯಮಬಾಗದ ಫೌಂಡ್ರಿಯವರಿಗೆ ಇದು ಭಾವನೆಯ ಪ್ರಶ್ನೆ ಮಾತ್ರ ಅಲ್ಲ, ವ್ಯವಹಾರದ್ದೂ ಹೌದು. ಬೆಲ್ಗಾಮ್ ಅನ್ನೋ ಪದ ಇರುವ ಹಳೆಯ ವೆಬ್ ಹೆಸರನ್ನು ಬಿಡಬೇಕಾ? ಬಿಡಬೇಡಿ. ಹಳೇ ಹೆಸರಿಗೆ ಹಳೇ ಗಿರಾಕಿ ಬರ್ತಾನೆ, ಹಳೇ ಬಿಲ್ಲಿನ ಮೇಲೆ, ಹಳೇ ಕ್ಯಾಲೆಂಡರಿನ ಮೇಲೆ ಅದೇ ಇರುತ್ತೆ. ಹೊಸದನ್ನು ತಗೊಂಡು ಹಳೆಯದರಿಂದ ಅದಕ್ಕೆ ದಾರಿ ಮಾಡಿಕೊಡಬೇಕು. ಬದಲಾವಣೆ ಆಯ್ತಲ್ಲ ಅಂತ ಹಳೆಯದರ ಕಂತು ನಿಲ್ಲಿಸಿದರೆ ನಿಮ್ಮ ಗಿರಾಕಿ ನಾಳೆ ರಮ್ಮಿ ಆಟದ ಬಾಗಿಲಲ್ಲಿ ನಿಂತಿರ್ತಾನೆ. ಕುಂದಾ ಮಾರೋ ಅಂಗಡಿಗೆ ಅದು ಬೇಕಾ?

ಇನ್ನೊಂದು ಸಂಕಟ ಸ್ಪೆಲ್ಲಿಂಗಿನದ್ದು. ಬೆಳಗಾವಿಯ 'ಳ' ಇಂಗ್ಲಿಷಿನಲ್ಲಿ ಇಲ್ಲ. ಒಬ್ಬರು ಎಲ್ ಆದ ಮೇಲೆ ಎ ಹಾಕ್ತಾರೆ, ಒಬ್ಬರು ಬಿಡ್ತಾರೆ. ಕನ್ನಡದಲ್ಲೇ ಬರೆಯುವ ಹಾಗಿದ್ದರೆ ಈ ಜಗಳವೇ ಇಲ್ಲ, ಅಲ್ವಾ? ಆ ದಾರಿಯೂ ತೆರೆದಿದೆ. 2014ರ ಆಗಸ್ಟ್ 27ರಂದು ದೇವನಾಗರಿಯ 'ಡಾಟ್ ಭಾರತ' ಚಾಲನೆಗೊಂಡಿತು. ಹಿಂದಿ, ಮರಾಠಿ, ಕೊಂಕಣಿ ಸೇರಿ ಎಂಟು ಭಾಷೆಗಳಿಗೆ ಒಂದೇ ಏಟಿಗೆ ಬಾಗಿಲು. ಅಂದರೆ ಬೆಳಗಾವಿ ಅಧಿಕೃತವಾಗಿ ಬೆಳಗಾವಿ ಆಗುವುದಕ್ಕೆ ಎರಡು ತಿಂಗಳು ಮೊದಲು ಇದೇ ಊರಿನ ಮರಾಠಿ ಅಂಗಡಿಯವನು ತನ್ನ ಲಿಪಿಯಲ್ಲಿ ಹೆಸರು ಬರೆಸಬಹುದಿತ್ತು, ಕನ್ನಡದವನು ಬರೆಸೋ ಹಾಗಿರಲಿಲ್ಲ. 2011ರಲ್ಲಿ ಒಪ್ಪಿಗೆಯಾಗಿ ಪಟ್ಟಿಗೆ ಸೇರಿದ ಏಳು ಲಿಪಿಗಳಲ್ಲಿ ತೆಲುಗು, ತಮಿಳು, ಗುಜರಾತಿ, ಬಂಗಾಳಿ ಇದ್ದವು, ಕನ್ನಡ ಇರಲಿಲ್ಲ. ನಮ್ಮದು ಬಂದದ್ದು ನಂತರದ ಸುತ್ತಿನಲ್ಲಿ. ಇದಕ್ಕೆ ಮರಾಠಿಯವರನ್ನು ದೂರಿ ಪ್ರಯೋಜನ ಇಲ್ಲ, ಅವರೇನು ನಮ್ಮ ಅರ್ಜಿ ಹರಿದುಹಾಕಿರಲಿಲ್ಲ. ಬೀದಿಯ ಫಲಕಕ್ಕೆ ಮಸಿ ಬಳಿದ ದಿನ ಎಲ್ಲಾ ಚಾನೆಲ್‌ಗಳ ಓಬಿ ವ್ಯಾನು ಬೆಳಗಾವಿಗೆ ಓಡುತ್ತೆ. ಕನ್ನಡ ಲಿಪಿ ಒಂದು ಪಟ್ಟಿಯಿಂದ ಹೊರಗುಳಿದ ದಿನ ಯಾವ ಚಾನೆಲ್‌ನಲ್ಲೂ ಅರ್ಧ ಗಂಟೆ ಚರ್ಚೆ ಆದ ನೆನಪು ನನಗಿಲ್ಲ. ನನ್ನ ಚಾನೆಲ್ಲನ್ನೂ ಸೇರಿಸಿಯೇ ಹೇಳ್ತಿದೀನಿ.

ಈಗ ಕನ್ನಡದಲ್ಲಿ ಡಾಟ್ ಭಾರತ ಇದೆ. 'ಳ' ಇರುವ ಬೆಳಗಾವಿಯನ್ನು ಇದ್ದ ಹಾಗೇ ಬರೆಯಬಹುದು. ಒಳಗೆ ಯಂತ್ರ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಒಂದು ಸಂಕೇತವಾಗಿ ಬದಲಿಸಿಕೊಳ್ಳುತ್ತೆ, ಅದು ನಮಗೆ ಬೇಡದ ವಿಷಯ. ಆದರೆ ಬರೀ ಕನ್ನಡದ ಹೆಸರನ್ನೇ ನಂಬಿ ಕೂರಬೇಡಿ. ಗೋವಾದ ಗಿರಾಕಿಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ. ಎರಡೂ ಇರಲಿ.

ಖಾನಾಪುರದ ಪಾಡು ಇನ್ನೂ ವಿಚಿತ್ರ. ಖಾನಾಪುರ ಎಷ್ಟಿವೆ? ನಮ್ಮ ಜಿಲ್ಲೆಯದ್ದು ಒಂದು. ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಒಂದು ಖಾನಾಪುರ ತಾಲೂಕು. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಇನ್ನೊಂದು. ಭೂಪಟದ ಮೇಲೆ ಎಲ್ಲವೂ ತಮ್ಮ ಪಾಡಿಗೆ ಬದುಕಿವೆ, ಪತ್ರದ ಮೇಲೆ ಜಿಲ್ಲೆ ಹೆಸರು ಬರೆದರೆ ಅಂಚೆಯಣ್ಣ ಸರಿಯಾದ ಊರಿಗೇ ಬರ್ತಾನೆ. ಇಂಟರ್‌ನೆಟ್‌ನಲ್ಲಿ ಹಾಗಲ್ಲ. ಒಂದು ಬಾಲಕ್ಕೆ ಒಂದೇ ಖಾನಾಪುರ. ಮೊದಲು ಬರೆಸಿದವನದ್ದು.

ಹಾಗಾದರೆ ಊರಿನ ಹೆಸರನ್ನು ಬೇರೆಯವರು ಹಿಡಿದರೆ ಊರಿನವರು ಕಸಿದುಕೊಳ್ಳಬಹುದಾ? ಸ್ಪೇನಿನ ಬಾರ್ಸಿಲೋನಾ ನಗರಪಾಲಿಕೆ ಇದನ್ನೇ ಪ್ರಯತ್ನಿಸಿತು. ಬಾರ್ಸಿಲೋನಾ ಡಾಟ್ ಕಾಮ್ ಒಬ್ಬ ಖಾಸಗಿಯವನ ಕೈಲಿತ್ತು. 2000ದಲ್ಲಿ ಅಂತಾರಾಷ್ಟ್ರೀಯ ವ್ಯಾಜ್ಯ ಮಂಡಳಿ ನಗರಪಾಲಿಕೆಯ ಪರ ತೀರ್ಪು ಕೊಟ್ಟಿತು. 2003ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಅದನ್ನು ತಲೆಕೆಳಗು ಮಾಡಿತು. ಊರಿನ ಹೆಸರು ಬರೀ ಭೂಗೋಳದ ಪದ, ಅದರ ಮೇಲೆ ನಗರಪಾಲಿಕೆಗೆ ಟ್ರೇಡ್‌ಮಾರ್ಕ್ ಹಕ್ಕು ಇಲ್ಲ ಅಂತ. ಒಲಿಂಪಿಕ್ಸ್ ನಡೆಸಿದ ಊರಿಗೇ ಹೀಗಾದರೆ ಉಳಿದವರು ಯಾವ ಲೆಕ್ಕ? ಸರ್ಕಾರಕ್ಕೆ ತನ್ನದೇ ಆದ ಮೀಸಲು ಬಾಲಗಳಿವೆ, ಜಿಲ್ಲಾಡಳಿತದ ತಾಣ ಬೆಳಗಾವಿ ಡಾಟ್ ನಿಕ್ ಡಾಟ್ ಇನ್. ಅದನ್ನು ಖಾಸಗಿಯವರು ಮುಟ್ಟುವ ಹಾಗಿಲ್ಲ.

ಬ್ಯಾಂಕುಗಳಿಗೂ ಈಗ ಅಂಥದ್ದೇ ಬೇಲಿ ಹಾಕಿದ್ದಾರೆ. 2025ರ ಅಕ್ಟೋಬರ್ 31ರೊಳಗೆ ಎಲ್ಲಾ ಬ್ಯಾಂಕುಗಳು 'ಬ್ಯಾಂಕ್ ಡಾಟ್ ಇನ್' ಬಾಲಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿತು, ಪಟ್ಟಣ ಸಹಕಾರಿ ಬ್ಯಾಂಕುಗಳೂ ಸೇರಿ. ಸಹಕಾರಿ ಸಂಸ್ಥೆಗಳು ಗಲ್ಲಿಗೊಂದಿರುವ ಈ ಜಿಲ್ಲೆಯಲ್ಲಿ ಇದನ್ನು ಮನೆಯ ಹಿರಿಯರಿಗೆ ಹೇಳಿಕೊಡಿ. ಪತ್ತಿನ ಸಂಘ, ಸೌಹಾರ್ದ ಸಂಘ ಇವು ಬ್ಯಾಂಕ್ ಅಲ್ಲ, ಅವುಗಳಿಗೆ ಈ ಬಾಲ ಸಿಗಲ್ಲ. ಆದರೆ "ನಿಮ್ಮ ಬ್ಯಾಂಕ್" ಅಂತ ಹೇಳಿಕೊಂಡು ಬಂದ ಲಿಂಕಿನ ಕೊನೆಗೆ ಬೇರೆ ಬಾಲ ಇದ್ದರೆ ಒತ್ತಬೇಡಿ.

ಮರೆವು ದೊಡ್ಡವರನ್ನೂ ಬಿಟ್ಟಿಲ್ಲ. 1999ರ ಕ್ರಿಸ್‌ಮಸ್ ವೇಳೆ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಕಂತು ಕಟ್ಟೋದನ್ನೇ ಮರೆಯಿತು. ಹಾಟ್‌ಮೇಲ್ ಬಳಸೋರಿಗೆ ಲಾಗಿನ್ ಆಗ್ತಿಲ್ಲ! ಯಾರೋ ಒಬ್ಬ ಪ್ರೋಗ್ರಾಮರ್ ತನ್ನ ಜೇಬಿನಿಂದ 35 ಡಾಲರ್ ಕಟ್ಟಿದ, ಸರಿಹೋಯಿತು. 2015ರ ಸೆಪ್ಟೆಂಬರ್‌ನಲ್ಲಿ ಕಛ್ ಮೂಲದ ಒಬ್ಬ ಯುವಕನಿಗೆ ಗೂಗಲ್ ಡಾಟ್ ಕಾಮ್ ಹೆಸರೇ 12 ಡಾಲರ್‌ಗೆ ಸಿಕ್ಕಿಬಿಟ್ಟಿತ್ತು, ಒಂದು ನಿಮಿಷದ ಮಟ್ಟಿಗೆ. ಇಂಥ ಕಂಪನಿಗಳಿಗೆ ಒಂದು ನಿಮಿಷದಲ್ಲಿ ವಾಪಸ್ ಸಿಗುತ್ತೆ. ಜಾಂಬೋಟಿಯವನಿಗೆ?

ಡಾಟ್ ಕಾಮ್‌ನ ಲೆಕ್ಕ ಹೀಗಿದೆ. ಅವಧಿ ಮುಗಿದ ಮೇಲೆ ಸಾಮಾನ್ಯ ಶುಲ್ಕಕ್ಕೇ ನವೀಕರಿಸಲು ಗರಿಷ್ಠ 45 ದಿನದವರೆಗೆ ಅವಕಾಶ ಇರಬಹುದು, ಅದು ನಿಮ್ಮ ರಿಜಿಸ್ಟ್ರಾರ್ ಮರ್ಜಿ. ಆಮೇಲೆ 30 ದಿನ ದಂಡದ ಕಾಲ, ಬಿಡಿಸಿಕೊಳ್ಳೋಕೆ ಮೂಲ ಶುಲ್ಕದ ಹಲವು ಪಟ್ಟು ಕೇಳ್ತಾರೆ. ಆಮೇಲೆ 5 ದಿನ, ಆಗ ಯಾರೂ ಮುಟ್ಟೋ ಹಾಗಿಲ್ಲ. ನಂತರ ಹೆಸರು ಬೀದಿಗೆ ಬೀಳುತ್ತೆ. ಬಿದ್ದ ಕ್ಷಣಾರ್ಧದಲ್ಲಿ ಅದನ್ನು ಎತ್ತಿಕೊಳ್ಳೋಕೆ ಕಂಪ್ಯೂಟರ್ ಇಟ್ಟುಕೊಂಡು ಕಾಯುವವರ ದೊಡ್ಡ ದಂಡೇ ಇದೆ. ಅವರು ಕದ್ದಿಲ್ಲ, ಬಿದ್ದದ್ದನ್ನು ಎತ್ತಿಕೊಂಡಿದ್ದಾರೆ. ಹಲಸಿಯ ಶಾಪ ಅವರಿಗೆ ತಗಲಲ್ಲ.

ನನ್ನ ತಮ್ಮ ಫೋನ್ ಮಾಡಿದಾಗ ಆ ದಿನಗಳೆಲ್ಲ ಮುಗಿದಿದ್ದವು. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ನೋಡಿದೆವು. 2018ರ ನಂತರ ಯುರೋಪಿನ ಖಾಸಗಿತನದ ಕಾನೂನಿನಿಂದಾಗಿ ಉತಾರದಾರನ ಹೆಸರು ಸಾಮಾನ್ಯವಾಗಿ ಕಾಣಲ್ಲ, ಆದರೆ ನೋಂದಣಿ ಆದ ತಾರೀಖು, ಮುಗಿಯುವ ತಾರೀಖು ಯಾರು ಬೇಕಾದರೂ ನೋಡಬಹುದು. ಅವನ ಹೆಸರು ಮೂರು ವಾರದ ಹಿಂದೆ ಹೊಸದಾಗಿ ನೋಂದಣಿಯಾಗಿತ್ತು. ಹಿಡಿದವರಿಗೆ ಪತ್ರ ಬರೆದರೆ 1,800 ಡಾಲರ್ ಅಂದರು. ಅವನ ಒಂದು ಸೀಸನ್ನಿನ ಉಳಿತಾಯ! ಅಷ್ಟರಲ್ಲಿ ಇನ್ಯಾರೋ ಇಮೇಲ್ ಮಾಡಿ, "ನಿಮ್ಮ ಹೆಸರನ್ನು ವಾಪಸ್ ಕೊಡಿಸ್ತೀವಿ, ಮೊದಲು ಮೌಲ್ಯಮಾಪನದ ಪ್ರಮಾಣಪತ್ರಕ್ಕೆ ಇಷ್ಟು ಕಟ್ಟಿ" ಅಂದರು. ಅದು ಹಳೇ ಮೋಸ. ಉತ್ತರ ಬರೆಯೋಕೆ ಹೊರಟವನ ಕೈ ಹಿಡಿದು ನಿಲ್ಲಿಸಿದೆ. ನಿಜವಾಗಿ ಕೊಡೋದು ತಗೊಳ್ಳೋದು ಇದ್ದರೆ ಮಧ್ಯವರ್ತಿ ಎಸ್ಕ್ರೋ ಖಾತೆ ಮೂಲಕ ನಡೆಯಬೇಕು, ಹೆಸರು ಕೈಗೆ ಬಂದ ಮೇಲೇ ದುಡ್ಡು ಅವರಿಗೆ.

ಕೊನೆಗೆ ಬೇರೆ ಹೆಸರು ತಗೊಂಡ, ಡಾಟ್ ಇನ್ ಬಾಲದ್ದು. ಈ ಸಲ ಅವನ ಹೆಂಡತಿಯೇ ಕಂಪ್ಯೂಟರ್ ಮುಂದೆ ಕೂತಳು. ನೋಂದಣಿ ಅವಳ ಹೆಸರಲ್ಲಿ, ಇಮೇಲ್ ಅವಳದ್ದು, ಮೊಬೈಲ್ ಅವಳದ್ದು, ಕಾರ್ಡು ಬ್ಯಾಂಕಿನದ್ದು. ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಮೊಬೈಲ್ ಕೋಡೂ ಬೇಕು. ಹೆಸರನ್ನು ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾದ ಆಥ್ ಕೋಡ್ ಎಲ್ಲಿ ಸಿಗುತ್ತೆ ಅಂತ ಅವಳೇ ಹುಡುಕಿ ಕಂಡುಕೊಂಡಳು, ಅದನ್ನು ಯಾರಿಗೂ ಕೊಡಬಾರದು ಅಂತ ಗಂಡನಿಗೆ ತಿರುಗಿ ಹೇಳಿದಳು. ವರ್ಗಾವಣೆ ಲಾಕ್ ಹಾಕಿದಳು. ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿ, ರಸೀದಿಯನ್ನು ಪ್ರಿಂಟ್ ತೆಗೆಸಿ ಹೊಲದ ಉತಾರ ಇಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟಿದ್ದಾಳೆ.

ಹಳೇ ಹೆಸರಲ್ಲಿ ಈಗಲೂ ರಮ್ಮಿ ನಡೀತಿದೆ. ಜಾಂಬೋಟಿ ರಸ್ತೆಯ ಬೋರ್ಡು, ಬೆಳಗಾವಿ ದಾರಿಯ ಎರಡು ಬೋರ್ಡು, ಜೀಪಿನ ಹಿಂದಿನ ಗಾಜು ಎಲ್ಲ ಕಡೆ ಪೇಂಟರ್ ಬಂದು ಹಳೆಯದನ್ನು ಅಳಿಸಿ ಹೊಸದನ್ನು ಬರೆದು ಹೋದ. ಪೇಂಟಿಂಗಿಗೆ ಆದ ಖರ್ಚಿನಲ್ಲಿ ಹಳೇ ಹೆಸರಿನ ಕಂತನ್ನು ಎಂಟು ವರ್ಷ ಕಟ್ಟಬಹುದಿತ್ತಂತೆ. ಲೆಕ್ಕ ಹಾಕಿ ಹೇಳಿದ್ದೂ ಅವಳೇ.